ಗಲ್ಲಿಪೋಲಿಯಲ್ಲಿ ಎರಡೂ ಕಡೆಯವರನ್ನು ನೆನೆಯುವುದು ಹೇಗೆ: ಎರಡು ದಿನದ ಸಮಗ್ರ ಮಾರ್ಗದರ್ಶಿ

ಟರ್ಕಿಯ ಗಲ್ಲಿಪೋಲಿಗೆ ನಾನು ಮೊದಲ ಸಲ ಹೋದಾಗ ಅರ್ಧ ದಿನದ ಟೂರ್ ಹಿಡಿದಿದ್ದೆ. ಬಸ್ಸು ಆಸ್ಟ್ರೇಲಿಯಾ, ನ್ಯೂಜಿಲೆಂಡ್ ಸೈನಿಕರ ಸಮಾಧಿಗಳ ಹತ್ತಿರ ಮಾತ್ರ ನಿಂತಿತು. ಟರ್ಕಿಯವರ ಗೋರಿಗಳು ಕಿಟಕಿಯಾಚೆ ಸರಿದು ಹೋದವು. ಭಾರತದಿಂದ ಬಂದು ಇಲ್ಲಿ ಸತ್ತವರ ಹೆಸರನ್ನು ಯಾರೂ ಎತ್ತಲಿಲ್ಲ. ಎರಡನೇ ಸಲ ಎರಡು ಪೂರ್ತಿ ದಿನ ಇಟ್ಟುಕೊಂಡು ಹೋದೆ. ಒಂದು ಕಡೆಯವರ ಗೋರಿ ನೋಡಿದ ಮೇಲೆ ಅವರ ಎದುರು ನಿಂತು ಹೋರಾಡಿದವರ ಗೋರಿಯನ್ನೂ ನೋಡಲೇಬೇಕು ಅಂತ ನಿಯಮ ಹಾಕಿಕೊಂಡೆ. ಆ ಜಾಗ ನನಗೆ ಅರ್ಥವಾಗಿದ್ದು ಆಗಲೇ. ಈ ಮಾರ್ಗದರ್ಶಿಯೂ ಅದೇ ನಿಯಮದ ಮೇಲೆ ನಿಂತಿದೆ.

ಮೊದಲು ಕಥೆಯ ಎಳೆ ತಿಳಿದುಕೊಳ್ಳೋಣ. ಮೊದಲ ಮಹಾಯುದ್ಧದಲ್ಲಿ ಒಟ್ಟೋಮನ್ ಸಾಮ್ರಾಜ್ಯ ಜರ್ಮನಿಯ ಜೊತೆಗಿತ್ತು. ಡಾರ್ಡನೆಲ್ಸ್ ಜಲಸಂಧಿಯನ್ನು ದಾಟಿ ಇಸ್ತಾಂಬುಲ್ ಹಿಡಿದರೆ ತಮ್ಮ ಮಿತ್ರ ದೇಶ ರಷ್ಯಾಕ್ಕೆ ದಾರಿ ತೆರೆಯುತ್ತದೆ ಎಂಬುದು ಬ್ರಿಟನ್ ಮತ್ತು ಫ್ರಾನ್ಸ್‌ನ ಲೆಕ್ಕ. 1915ರ ಮಾರ್ಚ್ 18ರಂದು ಯುದ್ಧನೌಕೆಗಳು ನುಗ್ಗಿದವು. ಕೆಲವು ದಿನ ಮೊದಲು ಒಟ್ಟೋಮನ್ನರ ನುಸ್ರೆತ್ ಎಂಬ ಪುಟ್ಟ ಹಡಗು ಸದ್ದಿಲ್ಲದೆ ನೀರಿನಲ್ಲಿ 26 ಸ್ಫೋಟಕಗಳನ್ನು ಇಟ್ಟು ಹೋಗಿತ್ತು. ಆ ದಿನ ಮೂರು ದೊಡ್ಡ ನೌಕೆಗಳು ಮುಳುಗಿದವು. ಸಮುದ್ರದಲ್ಲಿ ಆಗದ ಕೆಲಸವನ್ನು ನೆಲದ ಮೇಲೆ ಮಾಡಲು ಏಪ್ರಿಲ್ 25ರಂದು ಸೈನಿಕರನ್ನು ಇಳಿಸಿದರು. ಆಗ ಬ್ರಿಟಿಷ್ ಸಾಮ್ರಾಜ್ಯದಲ್ಲಿದ್ದ ಆಸ್ಟ್ರೇಲಿಯಾ, ನ್ಯೂಜಿಲೆಂಡ್, ಭಾರತದವರೂ ಬ್ರಿಟನ್ ಪರ ಇಲ್ಲಿ ಹೋರಾಡಿದರು. ಎಂಟು ತಿಂಗಳು ಕಾದಾಡಿ, 1916ರ ಜನವರಿಯಲ್ಲಿ ಕೊನೆಯ ತುಕಡಿಯೂ ಬರಿಗೈಯಲ್ಲಿ ವಾಪಸ್ ಹೋಯಿತು. ಎರಡೂ ಕಡೆ ಸೇರಿ ಒಂದು ಲಕ್ಷಕ್ಕೂ ಹೆಚ್ಚು ಜನ ಸತ್ತಿದ್ದರು. ಅವರಲ್ಲಿ ಒಟ್ಟೋಮನ್ ಸೈನಿಕರೇ ಜಾಸ್ತಿ.

ಹೆಜ್ಜೆ 1: ಮನೆಯಲ್ಲಿ ಕೂತು ಒಂದು ಹೆಸರು ಹುಡುಕಿ

ಟಿಕೆಟ್ಟಿಗೂ ಮೊದಲಿನ ಕೆಲಸ ಇದು. ಬ್ರಿಟಿಷ್ ಸಾಮ್ರಾಜ್ಯದ ಕಡೆ ಸತ್ತ ಸೈನಿಕರ ಸಮಾಧಿಗಳನ್ನು ನೋಡಿಕೊಳ್ಳುವ ಕಾಮನ್‌ವೆಲ್ತ್ ವಾರ್ ಗ್ರೇವ್ಸ್ ಕಮಿಷನ್‌ನ ವೆಬ್‌ಸೈಟಿನಲ್ಲಿ ಸತ್ತವರ ಹೆಸರು ಹುಡುಕುವ ಜಾಗ ಇದೆ. ಸ್ಮಾರಕದ ಹೆಸರು ಕೇಳುವಲ್ಲಿ ಹೆಲೆಸ್ ಮೆಮೋರಿಯಲ್ ಎಂದು ಕೊಟ್ಟು, ಸೇನೆ ಕೇಳುವಲ್ಲಿ ಭಾರತೀಯ ಸೇನೆಯನ್ನು ಆರಿಸಿ. ಹೆಲೆಸ್ ಅಂದರೆ ಗಲ್ಲಿಪೋಲಿ ಪರ್ಯಾಯ ದ್ವೀಪದ ದಕ್ಷಿಣ ತುದಿ. ಗೋರಿ ಗೊತ್ತಿಲ್ಲದವರ ಹೆಸರುಗಳು ಅಲ್ಲಿನ ಸ್ಮಾರಕದ ಗೋಡೆಗಳ ಮೇಲಿವೆ. ಪಟ್ಟಿ ಬರುತ್ತದೆ. ಹಲವರ ಹೆಸರಿನ ಜೊತೆ ಅಪ್ಪನ ಹೆಸರು, ಹಳ್ಳಿ, ತಾಲ್ಲೂಕು, ಜಿಲ್ಲೆ ಕೂಡ ಇರುತ್ತದೆ. ಪಂಜಾಬಿನ ಹಳ್ಳಿಗಳು, ನೇಪಾಳದ ಗುಡ್ಡಗಾಡು, ಇವತ್ತು ಪಾಕಿಸ್ತಾನದಲ್ಲಿರುವ ಊರುಗಳು. ಒಂದು ಹೆಸರನ್ನು ಆರಿಸಿಕೊಂಡು, ಅದರ ಮುಂದೆ ಕೊಟ್ಟಿರುವ ಫಲಕದ ಸಂಖ್ಯೆಯನ್ನು ಪುಸ್ತಕದಲ್ಲಿ ಬರೆದುಕೊಳ್ಳಿ. ಹೆಸರಿನ ಸ್ಪೆಲ್ಲಿಂಗ್ ಒಂದೊಂದು ಕಡೆ ಒಂದೊಂದು ಥರ ಇರಬಹುದು. ಅದಕ್ಕೇ ರೆಜಿಮೆಂಟಿನ ಹೆಸರು, ಸತ್ತ ತಾರೀಖನ್ನೂ ಬರೆದಿಟ್ಟುಕೊಳ್ಳಿ.

ಯಾಕೆ ಒಂದೇ ಹೆಸರು ಅಂದರೆ, ಅಲ್ಲಿನ ಗೋಡೆಗಳ ಮೇಲೆ ಇಪ್ಪತ್ತು ಸಾವಿರಕ್ಕೂ ಹೆಚ್ಚು ಹೆಸರುಗಳಿವೆ. ಸುಮ್ನೆ ನೋಡುತ್ತಾ ಹೋದರೆ ಕಣ್ಣು ಜಾರಿಬಿಡುತ್ತದೆ. ಒಬ್ಬನನ್ನು ಹುಡುಕಿಕೊಂಡು ಹೋದರೆ ಅವನ ಪಕ್ಕದವರೂ ಕಾಣುತ್ತಾರೆ.

ಗಲ್ಲಿಪೋಲಿಯಲ್ಲಿ ಹೋರಾಡಿದ ಭಾರತೀಯರು ಸುಮಾರು 15 ಸಾವಿರ. 14ನೇ ಸಿಖ್ ಪಡೆ, ಗೂರ್ಖಾ ಬೆಟಾಲಿಯನ್‌ಗಳು, ಬೆಟ್ಟದ ಫಿರಂಗಿಯ ಎರಡು ಬ್ಯಾಟರಿಗಳು ಅವರಲ್ಲಿ ಸೇರಿದ್ದವು. ಹೇಸರಗತ್ತೆಗಳ ಮೇಲೆ ನೀರು, ಮದ್ದುಗುಂಡು ಹೊತ್ತ ದೊಡ್ಡ ದಂಡೂ ಇತ್ತು. 69 ಮತ್ತು 89ನೇ ಪಂಜಾಬಿ ಪಡೆಗಳು ಬಂದ ಸ್ವಲ್ಪ ದಿನಕ್ಕೇ ವಾಪಸಾದವು. ಅವುಗಳಲ್ಲಿ ಮುಸ್ಲಿಂ ಸೈನಿಕರು ಬಹಳ ಇದ್ದರು. ಒಟ್ಟೋಮನ್ ಸುಲ್ತಾನ ಮುಸ್ಲಿಮರ ಖಲೀಫನೂ, ಅಂದರೆ ಧರ್ಮದ ಮುಖಂಡನೂ ಆಗಿದ್ದ. ಅವನ ಸೈನ್ಯದ ವಿರುದ್ಧ ಅವರನ್ನು ನಿಲ್ಲಿಸಲು ಬ್ರಿಟಿಷ್ ಅಧಿಕಾರಿಗಳು ಹಿಂಜರಿದರು.

ಹೆಜ್ಜೆ 2: ದಿನ ಆರಿಸಿಕೊಳ್ಳಿ

ಮಾರ್ಚ್ 18 ಟರ್ಕಿಯವರ ದಿನ. ಸಮುದ್ರದ ಗೆಲುವನ್ನೂ ಹುತಾತ್ಮರನ್ನೂ ಅವತ್ತು ನೆನೆಯುತ್ತಾರೆ. ಏಪ್ರಿಲ್ 25 ಆನ್ಜಾಕ್ ದಿನ, ಅಂದರೆ ಆಸ್ಟ್ರೇಲಿಯಾ ಮತ್ತು ನ್ಯೂಜಿಲೆಂಡ್‌ನವರದು. ಅವತ್ತು ನಸುಕಿನಲ್ಲಿ ಕಡಲ ಪಕ್ಕ ಪ್ರಾರ್ಥನೆ ನಡೆಯುತ್ತದೆ. ಬೆಳಗ್ಗೆ ಮೂರೂ ದೇಶದವರು ತಮ್ಮ ತಮ್ಮ ಸ್ಮಾರಕದ ಬಳಿ ಸಭೆ ಸೇರುತ್ತಾರೆ. ನಸುಕಿನ ಪ್ರಾರ್ಥನೆಗೆ ಹೋಗಬೇಕಾದರೆ ಮುಂಚೆಯೇ ಹೆಸರು ನೋಂದಾಯಿಸಬೇಕು. ಇಡೀ ರಾತ್ರಿ ಚಳಿಯಲ್ಲಿ ಕಾಯಬೇಕಾಗುತ್ತದೆ, ದಪ್ಪ ಸ್ವೆಟರ್ ಬೇಕೇ ಬೇಕು.

ಮಧ್ಯದ ಏಪ್ರಿಲ್ 24ರ ಬಗ್ಗೆಯೂ ತಿಳಿದಿರಬೇಕು. ಟರ್ಕಿ ಅಂತರರಾಷ್ಟ್ರೀಯ ಸಭೆಯನ್ನು ಆ ದಿನ ನಡೆಸುತ್ತದೆ. 1915ರ ಅದೇ ದಿನ ಇಸ್ತಾಂಬುಲ್‌ನಲ್ಲಿ ಅರ್ಮೇನಿಯನ್ ಮುಖಂಡರನ್ನು, ಲೇಖಕರನ್ನು ಹಿಡಿದೊಯ್ದರು. ಅರ್ಮೇನಿಯನ್ನರು ತಮ್ಮ ಜನರ ಹತ್ಯೆಯನ್ನು ನೆನೆಯುವುದೂ ಅದೇ ದಿನ. ಗಲ್ಲಿಪೋಲಿಯ ಸ್ನೇಹದ ಮಾತು ಕೇಳುವಾಗ ಈ ದಿನಕ್ಕಿರುವ ಇನ್ನೊಂದು ಅರ್ಥವನ್ನು ಮರೆಯಬಾರದು.

ನನ್ನ ಸಲಹೆ ಕೇಳಿದರೆ, ಮೊದಲ ಸಲ ಹೋಗುವವರು ಈ ದೊಡ್ಡ ದಿನಗಳನ್ನು ಬಿಡಿ. ಮೇ ತಿಂಗಳು ಅಥವಾ ಅಕ್ಟೋಬರ್ ಚೆನ್ನ. ಬಿಸಿಲು ಹಿತವಾಗಿರುತ್ತದೆ. ಗೋರಿಗಳ ನಡುವೆ ನೀವೊಬ್ಬರೇ ಇರುತ್ತೀರಿ.

ಹೆಜ್ಜೆ 3: ತಲುಪುವುದು, ತಂಗುವುದು

ಇಲ್ಲಿ ಬಹಳ ಜನ ಒಂದು ತಪ್ಪು ಮಾಡುತ್ತಾರೆ. ಗಲ್ಲಿಪೋಲಿಯನ್ನು ಟರ್ಕಿಯಲ್ಲಿ ಗೆಲಿಬೊಲು ಎನ್ನುತ್ತಾರೆ. ಆ ಹೆಸರಿನ ಒಂದು ಪಟ್ಟಣವೂ ಇದೆ. ಅದು ಯುದ್ಧಭೂಮಿ ಅಲ್ಲ, ಅಲ್ಲಿಂದ ದೂರ ಉತ್ತರಕ್ಕಿದೆ. ಬಸ್ ಟಿಕೆಟ್ ತೆಗೆಯುವಾಗ ಗೆಲಿಬೊಲು ಅನ್ನಬೇಡಿ. ಎಜೆಆಬಾತ್ ಅಥವಾ ಚಾನಕ್ಕಲೆ ಅನ್ನಿ. ಎಜೆಆಬಾತ್ ಯುದ್ಧಭೂಮಿಯ ಬದಿಗೇ ಇರುವ ಸಣ್ಣ ಊರು. ಚಾನಕ್ಕಲೆ ಜಲಸಂಧಿಯ ಆಚೆ ದಡದ ನಗರ. ಎರಡರ ನಡುವೆ ದೋಣಿ ಓಡುತ್ತದೆ.

ಇಸ್ತಾಂಬುಲ್‌ನಿಂದ ಬಸ್ಸಿನಲ್ಲಿ ಸುಮಾರು ಐದು ಗಂಟೆ. 2022ರ ಮಾರ್ಚ್ 18ರಂದು ತೆರೆದ ಹೊಸ ತೂಗುಸೇತುವೆಯ ಹೆಸರೇ 1915 ಚಾನಕ್ಕಲೆ. ಅದರ ನಡುಭಾಗದ ಉದ್ದ 2023 ಮೀಟರ್. ಟರ್ಕಿ ಗಣರಾಜ್ಯಕ್ಕೆ ನೂರು ತುಂಬಿದ ವರ್ಷದ ಲೆಕ್ಕಕ್ಕೆ ಹೊಂದಿಸಿ ಕಟ್ಟಿದ್ದಾರೆ. ಇಲ್ಲಿ ಸೇತುವೆಯ ಅಳತೆಯಲ್ಲೂ ನೆನಪು ಇದೆ.

ಭಾರತದ ಪಾಸ್‌ಪೋರ್ಟ್ ಇರುವವರಿಗೆ ವೀಸಾ ಬೇಕು. ನಿಯಮ ಬದಲಾಗುತ್ತಿರುತ್ತದೆ, ಹೊರಡುವ ಮೊದಲು ನೋಡಿಕೊಳ್ಳಿ. ಎರಡು ರಾತ್ರಿ ತಂಗಿ. ಒಂದು ಟ್ಯಾಕ್ಸಿಯನ್ನೋ ಸ್ಥಳೀಯ ಗೈಡನ್ನೋ ಇಡೀ ದಿನಕ್ಕೆ ಮಾತಾಡಿಕೊಳ್ಳಿ. ಮಾತಾಡುವಾಗಲೇ ಹೇಳಿ: ನಮಗೆ ಎರಡೂ ಕಡೆಯವರ ಗೋರಿ ನೋಡಬೇಕು, ಜೊತೆಗೆ ಹೆಲೆಸ್‌ಗೂ ಹೋಗಬೇಕು.

ಹೆಜ್ಜೆ 4: ಒಂದೇ ಜಾಗದ ಎರಡು ಹೆಸರು ಕಲಿಯಿರಿ

ಆಸ್ಟ್ರೇಲಿಯಾದವರು ಲೋನ್ ಪೈನ್ ಎನ್ನುವ ದಿಬ್ಬವೇ ಟರ್ಕಿಯವರ ಕನ್ಲಿಸಿರ್ತ್, ಅಂದರೆ ರಕ್ತದ ದಿಣ್ಣೆ. ಚುನುಕ್ ಬೇರ್ ಅಂದರೂ ಜೊಂಕ್‌ಬಾಯಿರಿ ಅಂದರೂ ಒಂದೇ ಗುಡ್ಡ. ಇಂಗ್ಲಿಷಿನವರ ಗಲ್ಲಿ ರವೈನ್ ಟರ್ಕಿಯವರಿಗೆ ಜಿಗಿನ್‌ದೆರೆ. ಈ ಪಟ್ಟಿಯನ್ನು ಚೀಟಿಯಲ್ಲಿ ಬರೆದುಕೊಳ್ಳಿ. ಇಲ್ಲದಿದ್ದರೆ ಒಂದೇ ಜಾಗದ ಎರಡು ಕಥೆಯನ್ನು ಎರಡು ಜಾಗದ ಕಥೆ ಅಂದುಕೊಳ್ಳುತ್ತೀರಿ.

ಎರಡು ಹೆಸರು ಒಂದಾಗಿರುವ ಜಾಗವೂ ಇದೆ. 1915ರಲ್ಲಿ ಆಸ್ಟ್ರೇಲಿಯಾ, ನ್ಯೂಜಿಲೆಂಡ್‌ನವರು ಇಳಿದ ಪುಟ್ಟ ಕೊಲ್ಲಿಗೆ ಟರ್ಕಿ ಸರ್ಕಾರ 1985ರಲ್ಲಿ ಆನ್ಜಾಕ್ ಕೊಲ್ಲಿ ಎಂದೇ ಅಧಿಕೃತವಾಗಿ ಹೆಸರಿಟ್ಟಿತು. ತನ್ನ ನೆಲದ ಮೇಲೆ ದಂಡೆತ್ತಿ ಬಂದವರ ಹೆಸರು ಅದು! ಅದೇ ವರ್ಷ ಆಸ್ಟ್ರೇಲಿಯಾದ ರಾಜಧಾನಿ ಕ್ಯಾನ್ಬೆರಾದಲ್ಲಿ ಟರ್ಕಿ ಗಣರಾಜ್ಯವನ್ನು ಕಟ್ಟಿದ ಅತಾತುರ್ಕ್ ಅವರ ಸ್ಮಾರಕ ಎದ್ದಿತು. ಐದು ವರ್ಷದ ನಂತರ ನ್ಯೂಜಿಲೆಂಡ್ ಕೂಡ ವೆಲಿಂಗ್ಟನ್‌ನಲ್ಲಿ ಒಂದನ್ನು ಕಟ್ಟಿತು.

ಇನ್ನೆರಡು ಪದ ಗೊತ್ತಿರಲಿ. ಶೆಹಿತ್ಲಿಕ್ ಎಂದರೆ ಹುತಾತ್ಮರ ಸಮಾಧಿ ಸ್ಥಳ. ಮೆಹ್ಮೆತ್‌ಚಿಕ್ ಎಂದರೆ ಟರ್ಕಿಯ ಸಾಮಾನ್ಯ ಸೈನಿಕ. ಮೆಹ್ಮೆತ್ ಎಂಬ ಹೆಸರನ್ನು ಮುದ್ದಾಗಿ ಕರೆದ ರೀತಿ ಅದು. ನಮ್ಮಲ್ಲಿ ರಾಮನನ್ನು ರಾಮು ಅಂತೀವಲ್ಲ, ಹಾಗೆ.

ಹೆಜ್ಜೆ 5: ಮೊದಲ ದಿನ, ಬೆಟ್ಟದ ಕಡೆ

ಕಬಾತೆಪೆಯ ಮ್ಯೂಸಿಯಂನಿಂದ ಶುರು ಮಾಡಿ. ಒಂದು ಗಂಟೆ ಸಾಕು. ಅಲ್ಲಿಂದ ಕಡಲ ಪಕ್ಕದ ಬೀಚ್ ಸಿಮೆಟ್ರಿಗೆ ಹೋಗಿ. ಇಲ್ಲಿ ಸಿಂಪ್ಸನ್ ಎಂಬ ಸೈನಿಕನ ಗೋರಿ ಇದೆ. ಕತ್ತೆಯ ಮೇಲೆ ಗಾಯಾಳುಗಳನ್ನು ಹೊತ್ತು ತಂದು ಆಸ್ಟ್ರೇಲಿಯಾದಲ್ಲಿ ಮನೆಮಾತಾದವನು. ಅವನು ಬಿಡಾರ ಹೂಡಿದ್ದು ಭಾರತೀಯರ ಹೇಸರಗತ್ತೆಗಳ ಶಿಬಿರದಲ್ಲಿ. ಗೋರಿಯ ಮುಂದೆ ನಿಂತಾಗ ಅವನ ಜೊತೆ ಉಂಡವರನ್ನೂ ನೆನೆಯಿರಿ.

ಇಲ್ಲಿನ ಕಲ್ಲುಗಳನ್ನು ಗಮನಿಸಿ. ಬೇರೆ ಕಡೆ ಇರುವಂತೆ ಎದ್ದು ನಿಂತ ಕಲ್ಲುಗಳಲ್ಲ. ನೆಲಕ್ಕೆ ಹತ್ತಿರವಾಗಿ ಓರೆಯಾಗಿ ಕೂತ ಗಿಡ್ಡ ಕಲ್ಲುಗಳು. ಈ ಮಣ್ಣು ಗಟ್ಟಿಯಲ್ಲ, ಮಳೆಗೆ ಜಾರುತ್ತದೆ. ಅದಕ್ಕೇ ಹಾಗೆ ಮಾಡಿದ್ದಾರೆ. ಈ ಸಮಾಧಿಗಳು ಇಲ್ಲಿಯೇ ಉಳಿಯಬೇಕು ಎಂಬುದನ್ನು ಟರ್ಕಿಯ ಜೊತೆಗಿನ 1923ರ ಲೌಸಾನ್ ಶಾಂತಿ ಒಪ್ಪಂದದಲ್ಲೇ ಬರೆದರು. ಗೆದ್ದ ದೇಶ ತನ್ನ ನೆಲದ ಈ ತುಂಡುಗಳನ್ನು ಸೋತು ಹೋದವರ ಸಮಾಧಿಗೆ ಬಿಟ್ಟುಕೊಟ್ಟಿತು. ಬ್ರಿಟಿಷ್ ಸಾಮ್ರಾಜ್ಯದ ಕಡೆಯವರಿಗಾಗಿಯೇ ಇಲ್ಲಿ 31 ಸಮಾಧಿ ಸ್ಥಳಗಳಿವೆ.

ಈಗ ಗುಡ್ಡ ಹತ್ತಿ. ಲೋನ್ ಪೈನ್ ನೋಡಿ, ಅಲ್ಲಿಂದ ನೇರವಾಗಿ 57ನೇ ರೆಜಿಮೆಂಟಿನ ಶೆಹಿತ್ಲಿಕ್‌ಗೆ ಬನ್ನಿ. ಇವೆರಡನ್ನೂ ಒಂದೇ ಗಂಟೆಯಲ್ಲಿ ನೋಡುವುದು ಮುಖ್ಯ. ಏಪ್ರಿಲ್ 25ರಂದು ಈ ರೆಜಿಮೆಂಟನ್ನು ಮುಸ್ತಫಾ ಕೆಮಾಲ್ ಎಂಬ ಅಧಿಕಾರಿ ಎದುರು ನಿಲ್ಲಿಸಿದರು. ನಾನು ನಿಮಗೆ ದಾಳಿ ಮಾಡಿ ಎನ್ನುತ್ತಿಲ್ಲ, ಸಾಯಿರಿ ಎನ್ನುತ್ತಿದ್ದೇನೆ ಎಂಬರ್ಥದ ಅವರ ಆಜ್ಞೆ ಟರ್ಕಿಯಲ್ಲಿ ಮಕ್ಕಳಿಗೂ ಗೊತ್ತು. ಮುಂದೆ ಅತಾತುರ್ಕ್ ಆದವರು ಅವರೇ. ಇಲ್ಲಿನ ಕಲ್ಲುಗಳ ಮೇಲೆ ಸೈನಿಕರ ಊರುಗಳನ್ನು ಓದಿ. ಒಟ್ಟೋಮನ್ ಸೈನ್ಯದಲ್ಲಿ ತುರ್ಕರ ಜೊತೆ ಅರಬರು, ಕುರ್ದರು ಇದ್ದರು. ಗ್ರೀಕರು, ಅರ್ಮೇನಿಯನ್ನರು, ಯಹೂದಿಗಳೂ ಇದ್ದರು. 72 ಮತ್ತು 77ನೇ ರೆಜಿಮೆಂಟಿನಲ್ಲಿ ಬಹುಪಾಲು ಅರಬರೇ ಇದ್ದರು. ಎರಡೂ ಕಡೆ ಸಾಮ್ರಾಜ್ಯಗಳು ಹೊಡೆದಾಡಿದವು, ಸತ್ತವರು ಎಲ್ಲೆಲ್ಲಿಂದಲೋ ಬಂದವರು.

ಕಾರು ನಿಲ್ಲಿಸಿ ಈ ದಿಣ್ಣೆಯ ರಸ್ತೆಯಲ್ಲಿ ನಡೆಯಿರಿ. ಕೆಲವು ಕಡೆ ಒಂದು ಪಕ್ಕ ಒಬ್ಬರ ಕಂದಕ, ಇನ್ನೊಂದು ಪಕ್ಕ ಮತ್ತೊಬ್ಬರದು. ಕ್ವಿನ್ಸ್ ಪೋಸ್ಟ್ ಬಳಿ ಎರಡರ ನಡುವೆ ಹತ್ತಾರು ಹೆಜ್ಜೆಯೂ ಇಲ್ಲದ ಜಾಗಗಳಿದ್ದವು. ಎದುರಾಳಿ ಕೆಮ್ಮಿದರೆ ಕೇಳುವಷ್ಟು ಹತ್ತಿರ. ಬಾಂಬ್ ಎಸೆಯುವ ಅದೇ ಜಾಗದಲ್ಲಿ ಸಿಗರೇಟು, ಡಬ್ಬಿ ಮಾಂಸ ಎಸೆದು ಹಂಚಿಕೊಂಡದ್ದೂ ಉಂಟು.

1915ರ ಮೇ 24ರ ಕಥೆಯನ್ನು ಇಲ್ಲೇ ನಿಂತು ನೆನೆಯಬೇಕು. ಐದು ದಿನ ಮೊದಲು ಒಟ್ಟೋಮನ್ ಪಡೆ ದೊಡ್ಡ ದಾಳಿ ಮಾಡಿ ಒಂದೇ ದಿನ ಸುಮಾರು ಮೂರು ಸಾವಿರ ಜನರನ್ನು ಕಳೆದುಕೊಂಡಿತ್ತು. ಹೆಣಗಳು ಬಿಸಿಲಲ್ಲಿ ಕೊಳೆಯುತ್ತಿದ್ದವು. ಕೊನೆಗೆ ಎರಡೂ ಕಡೆಯವರು ಮಾತಾಡಿಕೊಂಡು ಬೆಳಗ್ಗೆ ಏಳೂವರೆಯಿಂದ ಸಂಜೆ ನಾಲ್ಕೂವರೆವರೆಗೆ ಗುಂಡು ನಿಲ್ಲಿಸಿದರು. ಸೈನಿಕರು ಒಬ್ಬರ ಪಕ್ಕ ಒಬ್ಬರು ನಿಂತು ಗುಂಡಿ ತೋಡಿ ಸತ್ತವರನ್ನು ಮಣ್ಣು ಮಾಡಿದರು. ಆವರೆಗೆ ಬರೀ ತಲೆ, ಟೋಪಿ ಕಂಡಿದ್ದವರಿಗೆ ಎದುರಾಳಿಯ ಮುಖ ಕಂಡಿತು. ಆ ಒಂಬತ್ತು ಗಂಟೆಗಳು ಮುಗಿದ ಮೇಲೆ ಗುಂಡು ಮತ್ತೆ ಶುರುವಾಯಿತು. ಆದರೆ ದ್ವೇಷ ಮೊದಲಿನ ಹಾಗೆ ಉಳಿಯಲಿಲ್ಲ ಎಂದು ಅಲ್ಲಿದ್ದ ಹಲವರು ಬರೆದಿದ್ದಾರೆ.

ದಿನದ ಕೊನೆಗೆ ಚುನುಕ್ ಬೇರ್ ಏರಿ. ಆಗಸ್ಟ್ 8ರಂದು ನ್ಯೂಜಿಲೆಂಡ್‌ನವರು ಈ ಶಿಖರ ಹಿಡಿದರು. ಆಗಸ್ಟ್ 10ರ ನಸುಕಿನಲ್ಲಿ ಮುಸ್ತಫಾ ಕೆಮಾಲ್ ಅದನ್ನು ವಾಪಸ್ ಪಡೆದರು. ಈಗ ನ್ಯೂಜಿಲೆಂಡ್ ಸ್ಮಾರಕ ಮತ್ತು ಅತಾತುರ್ಕ್ ಪ್ರತಿಮೆ ಅಕ್ಕಪಕ್ಕದಲ್ಲೇ ನಿಂತಿವೆ. ಸ್ವಲ್ಪ ಉತ್ತರಕ್ಕೆ ನೋಡಿ. ಆಗಸ್ಟ್ 9ರಂದು ಅಲ್ಲಿನ ಏಣಿನ ತುದಿಗೆ 6ನೇ ಗೂರ್ಖಾ ರೈಫಲ್ಸ್‌ನ ಸೈನಿಕರು ಏರಿದ್ದರು. ಜಲಸಂಧಿಯ ನೀರು ಕಂಡಿತು. ಅಷ್ಟರಲ್ಲಿ ತಮ್ಮದೇ ಕಡೆಯ ಫಿರಂಗಿ ಗುಂಡುಗಳು ಮೇಲೆ ಬಿದ್ದವು, ಹಿಂದೆ ಸರಿಯಬೇಕಾಯಿತು. ಗೈಡ್‌ಗಳು ಈ ಕಥೆ ಹೇಳುವುದು ಕಡಿಮೆ. ನೀವೇ ಕೇಳಿ.

ಹೆಜ್ಜೆ 6: ಎರಡನೇ ದಿನ, ತುದಿಯ ಕಡೆ

ಟೂರ್ ಬಸ್ಸುಗಳು ಬಿಟ್ಟುಬಿಡುವ ಭಾಗ ಇದು. ನಮಗೆ ಮುಖ್ಯವಾದದ್ದೂ ಇದೇ. ಜಿಗಿನ್‌ದೆರೆ ಕಣಿವೆಯಿಂದ ಆರಂಭಿಸಿ. 1915ರ ಜೂನ್ 4ರಂದು 14ನೇ ಸಿಖ್ ಪಡೆ ಈ ಕಣಿವೆಯಲ್ಲಿ ಮುಂದೆ ನಡೆಯಿತು. ಸಂಜೆಯ ಹೊತ್ತಿಗೆ ಬಹುಪಾಲು ಸೈನಿಕರು ಸತ್ತಿದ್ದರು ಅಥವಾ ಗಾಯಗೊಂಡಿದ್ದರು. ಇದೇ ಕಣಿವೆಯಲ್ಲಿ ಒಟ್ಟೋಮನ್ ಗಾಯಾಳುಗಳಿಗೆ ಪಟ್ಟಿ ಕಟ್ಟುತ್ತಿದ್ದ ಜಾಗದ ಶೆಹಿತ್ಲಿಕ್ ಇದೆ. ಎರಡನ್ನೂ ಮನಸ್ಸಿನಲ್ಲಿಟ್ಟುಕೊಂಡು ಸ್ವಲ್ಪ ಹೊತ್ತು ಕೂತುಕೊಳ್ಳಿ.

ನಂತರ ಹೆಲೆಸ್ ಸ್ಮಾರಕ. ಮೂವತ್ತು ಮೀಟರಿಗೂ ಎತ್ತರದ ಕಲ್ಲಿನ ಕಂಬ, ಸುತ್ತ ಹೆಸರುಗಳ ಗೋಡೆ. ಬರೆದುಕೊಂಡ ಫಲಕದ ಸಂಖ್ಯೆ ತೆಗೆದು ನಿಮ್ಮವನನ್ನು ಹುಡುಕಿ. ಹೆಸರನ್ನು ಗಟ್ಟಿಯಾಗಿ ಓದಿ. ಅಪ್ಪನ ಹೆಸರು, ಊರು ಗೊತ್ತಿದ್ದರೆ ಅದನ್ನೂ ಹೇಳಿ. ಆ ಗೋಡೆಯ ಮುಂದೆ ಒಬ್ಬ ಸಿಖ್ ಸಿಪಾಯಿಯ ಹೆಸರನ್ನು ಜೋರಾಗಿ ಹೇಳಿದಾಗ ನನ್ನ ಗಂಟಲು ಕಟ್ಟಿತು. ನೂರು ವರ್ಷದಲ್ಲಿ ಅವನ ಹೆಸರನ್ನು ಇಲ್ಲಿ ಎಷ್ಟು ಜನ ಕೂಗಿರಬಹುದು ಅನ್ನಿಸಿತು.

ಸೆದ್ದುಲ್‌ಬಾಹಿರ್ ಹಳ್ಳಿಯ ಮೇಲಿನ ಗುಡ್ಡದಲ್ಲಿ ಒಂಟಿ ಗೋರಿಯೊಂದಿದೆ. ದಯವಿಟ್ಟು ಬಿಡಬೇಡಿ. ಚಾರ್ಲ್ಸ್ ಡೌಟಿ-ವೈಲಿ ಎಂಬ ಬ್ರಿಟಿಷ್ ಅಧಿಕಾರಿಯದು. ಯುದ್ಧಕ್ಕೂ ಮೊದಲು ಅವರು ಟರ್ಕಿಯಲ್ಲೇ ರಾಜತಾಂತ್ರಿಕ ಕೆಲಸದಲ್ಲಿದ್ದರು. ಬಾಲ್ಕನ್ ಯುದ್ಧದಲ್ಲಿ ಟರ್ಕಿಯ ಗಾಯಾಳುಗಳಿಗಾಗಿ ರೆಡ್ ಕ್ರಾಸ್ ಜೊತೆ ದುಡಿದರು, ಸುಲ್ತಾನನ ಸರ್ಕಾರದಿಂದ ಪದಕ ಪಡೆದರು. 1915ರ ಏಪ್ರಿಲ್ 26ರಂದು ಇದೇ ಗುಡ್ಡಕ್ಕೆ ತಮ್ಮ ಸೈನಿಕರನ್ನು ನಡೆಸಿದಾಗ ಕೈಯಲ್ಲಿದ್ದದ್ದು ಒಂದು ಕೋಲು ಮಾತ್ರ. ಗುಡ್ಡ ಗೆದ್ದ ಹೊತ್ತಿನಲ್ಲೇ ಗುಂಡು ಬಿತ್ತು. ಬಿದ್ದಲ್ಲೇ ಹೂಳಿದರು. ಗುಡ್ಡ ಇಳಿದು ಯಾಹ್ಯಾ ಚಾವುಷ್ ಸ್ಮಾರಕಕ್ಕೆ ಬನ್ನಿ. ಕೆಳಗಿನ ಕಡಲ ತೀರಕ್ಕೆ ಇಳಿಯುತ್ತಿದ್ದವರನ್ನು ಪುಟ್ಟ ತುಕಡಿಯೊಂದಿಗೆ ತಡೆದ ಹವಾಲ್ದಾರ ಅವನು. ಅವನ ಗುಂಡಿಗೆ ಸತ್ತವರ ಸಮಾಧಿಗಳು ಆ ತೀರದಲ್ಲೇ ಇವೆ.

ಮೋರ್ತೊ ಕೊಲ್ಲಿಯ ಫ್ರೆಂಚ್ ಸಮಾಧಿಯಲ್ಲಿ ಕಬ್ಬಿಣದ ಶಿಲುಬೆಗಳ ಸಾಲು ಇದೆ. ಗುರುತು ಸಿಗದ ಸಾವಿರಾರು ಜನರ ಎಲುಬುಗಳನ್ನು ಇಟ್ಟ ಕಟ್ಟೆಗಳೂ ಇವೆ. ಸೆನೆಗಲ್ ಕಡೆಯಿಂದ ತಂದವರೂ ಫ್ರೆಂಚ್ ಪಡೆಯಲ್ಲಿದ್ದರು. ಕೊನೆಗೆ ಅಬಿದೆ. 41.7 ಮೀಟರ್ ಎತ್ತರದ, ನಾಲ್ಕು ಕಾಲಿನ ಟರ್ಕಿ ಸ್ಮಾರಕ. 1960ರಲ್ಲಿ ತೆರೆದದ್ದು. ಇಲ್ಲಿ ಟರ್ಕಿಯ ಕುಟುಂಬಗಳು ಬಸ್ಸುಗಟ್ಟಲೆ ಬರುತ್ತವೆ. ಅಜ್ಜಿಯರು ತಮ್ಮ ಊರಿನವರ ಹೆಸರು ಹುಡುಕುತ್ತಾ ಬೆರಳಿಟ್ಟು ಓದುತ್ತಾರೆ. ನೀವು ಹೆಲೆಸ್‌ನಲ್ಲಿ ಮಾಡಿದ್ದೂ ಅದೇ, ಅಲ್ವಾ?

ಹೆಜ್ಜೆ 7: ಗೋರಿಯ ಮುಂದೆ ಹೇಗಿರಬೇಕು

ಟರ್ಕಿಯವರು ಅಂಗೈ ಮೇಲೆ ಮಾಡಿ ಕುರಾನಿನ ಮೊದಲ ಅಧ್ಯಾಯವಾದ ಫಾತಿಹಾ ಓದುತ್ತಾರೆ. ಓದುತ್ತಿರುವವರ ಮುಂದೆ ಹಾದು ಹೋಗಬೇಡಿ, ಪಕ್ಕಕ್ಕೆ ನಿಲ್ಲಿ. ನೀವು ನಿಮ್ಮ ರೀತಿಯಲ್ಲಿ ತಲೆ ಬಾಗಿದರೆ ಸಾಕು. ಗೋರಿಗಳ ಮೇಲೆ ಕೂರಬೇಡಿ. ಆನ್ಜಾಕ್ ಕೊಲ್ಲಿಯ ನೀರು ಎಷ್ಟೇ ಚೆನ್ನಾಗಿದ್ದರೂ ಅದು ಈಜುವ ಜಾಗವಲ್ಲ. ಮಣ್ಣಿನಲ್ಲಿ ಗುಂಡಿನ ಚೂರು, ಅಂಗಿಯ ಗುಂಡಿ, ಎಲುಬು ಕಂಡರೆ ಮುಟ್ಟಬೇಡಿ, ಜೇಬಿಗೆ ಹಾಕಿಕೊಳ್ಳಲೇಬೇಡಿ. ಅದು ಕಾನೂನಿಗೂ ವಿರುದ್ಧ.

ಯಾರಾದರೂ ಎಲ್ಲಿಂದ ಬಂದಿರಿ ಎಂದು ಕೇಳಿದರೆ ಹಿಂದಿಸ್ತಾನ್ ಎನ್ನಿ. ಟರ್ಕಿ ಭಾಷೆಯಲ್ಲಿ ಭಾರತದ ಹೆಸರು ಅದೇ. ನಮ್ಮ ಜನ ಆಚೆ ಕಡೆ ನಿಂತು ಹೋರಾಡಿದ್ದರು ಎಂದು ಹೇಳಲು ಹಿಂಜರಿಯಬೇಡಿ. ನಾನು ಹಾಗೆ ಹೇಳಿದಾಗ ಒಬ್ಬ ಹಿರಿಯರು ಚಹಾ ಕುಡಿಸದೆ ಬಿಡಲಿಲ್ಲ.

ಹೆಜ್ಜೆ 8: ಕೇಳಿದ ಕಥೆಗಳನ್ನು ಸೋಸಿಕೊಳ್ಳಿ

ಸ್ನೇಹದ ನೆನಪಿನಲ್ಲೂ ಕಟ್ಟುಕಥೆ ಸೇರುತ್ತದೆ. ಆನ್ಜಾಕ್ ಕೊಲ್ಲಿಯ ಪಕ್ಕದ ಅರಿಬುರ್ನುವಿನ ಸ್ಮಾರಕದಲ್ಲಿರುವ ಅತಾತುರ್ಕ್ ಮಾತು ಲೋಕಕ್ಕೆಲ್ಲ ಗೊತ್ತು. ದೂರದೂರಿನ ತಾಯಂದಿರೇ, ನಿಮ್ಮ ಮಕ್ಕಳು ಈಗ ನಮ್ಮ ಮಕ್ಕಳೂ ಹೌದು ಎಂಬುದು ಅದರ ಸಾರ. 1934ರ ಮಾತು ಎನ್ನುತ್ತಾರೆ. ಆದರೆ ಅದು ಅಚ್ಚಾಗಿ ಕಾಣಿಸಿಕೊಂಡದ್ದು ಅವರು ತೀರಿಕೊಂಡ ಮೇಲೆ, 1953ರಲ್ಲಿ. ಅವರ ಮಂತ್ರಿಯಾಗಿದ್ದ ಶುಕ್ರು ಕಾಯಾ ನೆನಪಿನಿಂದ ಹೇಳಿದ ಹಾಗೆ. ಜಾನಿಗಳಿಗೂ (ಅಂದರೆ ದಂಡೆತ್ತಿ ಬಂದ ಕಡೆಯ ಸೈನಿಕರಿಗೂ) ಮೆಹ್ಮೆತ್‌ಗಳಿಗೂ ಭೇದವಿಲ್ಲ ಎಂಬ ಸಾಲು ಇನ್ನೂ ತಡವಾಗಿ ಸೇರಿತು. ಇದು ಅತಾತುರ್ಕ್ ಅವರದೇ ಮಾತೇ ಎಂದು ಇತಿಹಾಸಕಾರರು ಗಟ್ಟಿಯಾಗಿಯೇ ಪ್ರಶ್ನಿಸಿದ್ದಾರೆ.

ಗಾಯಗೊಂಡ ಶತ್ರು ಅಧಿಕಾರಿಯನ್ನು ತೋಳಲ್ಲಿ ಎತ್ತಿಕೊಂಡ ಟರ್ಕಿ ಸೈನಿಕನ ಪ್ರತಿಮೆಯೂ ಇದೆ. ನೋಡಿದರೆ ಕಣ್ಣು ತುಂಬುತ್ತದೆ. ಆ ಘಟನೆ ನಡೆದದ್ದಕ್ಕೆ ಆಗಿನ ಕಾಲದ ದಾಖಲೆ ಸಿಕ್ಕಿಲ್ಲ. ಹಾಗಂತ ಎರಡನ್ನೂ ಬಿಟ್ಟು ಹೋಗಬೇಡಿ. ಹಳೆಯ ಶತ್ರುಗಳು ಹೇಗೆ ನೆನಪಿಸಿಕೊಳ್ಳಲು ಬಯಸಿದರು ಎಂಬುದಕ್ಕೆ ಅವು ಸಾಕ್ಷಿ. ಮೇ 24ರ ಒಂಬತ್ತು ಗಂಟೆಗಳಿಗೆ ಮಾತ್ರ ದಾಖಲೆ ಇದೆ, ಫೋಟೋಗಳೂ ಇವೆ. ಮಕ್ಕಳಿಗೆ ಹೇಳುವಾಗ ನಾನು ಆ ಕಥೆಯನ್ನೇ ಹೇಳುತ್ತೇನೆ.

ಹೆಜ್ಜೆ 9: ಊರಿಗೆ ಬಂದ ಮೇಲೆ

ಗಲ್ಲಿಪೋಲಿಯಲ್ಲಿ ಮೈಸೂರಿನ ಪಡೆ ಇರಲಿಲ್ಲ. ಆದರೆ ಅದೇ ಒಟ್ಟೋಮನ್ ಸೈನ್ಯದ ಎದುರು ಮೈಸೂರು ಲ್ಯಾನ್ಸರ್ಸ್ ಕುದುರೆ ಪಡೆ ಸೂಯೆಜ್ ಕಾಲುವೆಯಲ್ಲೂ ಪ್ಯಾಲೆಸ್ತೀನ್‌ನಲ್ಲೂ ಹೋರಾಡಿತು. 1918ರ ಸೆಪ್ಟೆಂಬರ್ 23ರಂದು ಹೈಫಾ ಪಟ್ಟಣ ಹಿಡಿದಾಗ ಜೋಧಪುರದವರು ನೇರವಾಗಿ ನುಗ್ಗಿದರು. ಮೈಸೂರಿನವರು ಕಾರ್ಮೆಲ್ ಬೆಟ್ಟ ಹತ್ತಿ ಫಿರಂಗಿಗಳ ಮೇಲೆ ಬಿದ್ದರು. ಅವರ ನೆನಪಿನ ಕಂಬ ಬೆಂಗಳೂರಿನ ಜೆ.ಸಿ. ನಗರದಲ್ಲಿದೆ. ದಿನಾ ಅದರ ಪಕ್ಕ ಓಡಾಡುವವರಿಗೂ ಏನೆಂದು ಗೊತ್ತಿರುವುದಿಲ್ಲ.

ಇನ್ನೊಂದು ಕೊಂಡಿ ಬಳ್ಳಾರಿ. ಸೆರೆಸಿಕ್ಕ ಒಟ್ಟೋಮನ್ ಸೈನಿಕರನ್ನು ಭಾರತಕ್ಕೂ ಬರ್ಮಾಕ್ಕೂ ಸಾಗಿಸಿದ್ದರು. 1917ರಲ್ಲಿ ಅಂತರರಾಷ್ಟ್ರೀಯ ರೆಡ್ ಕ್ರಾಸ್‌ನವರು ಈ ಶಿಬಿರಗಳನ್ನು ನೋಡಿಕೊಂಡು ಬಂದು ವರದಿ ಬರೆದರು. ಅವರು ನೋಡಿದ ಜಾಗಗಳಲ್ಲಿ ಬಳ್ಳಾರಿಯೂ ಒಂದು. ಅನಾತೋಲಿಯಾದ ರೈತನ ಮಗನೊಬ್ಬ ನಮ್ಮ ಬಿಸಿಲಲ್ಲಿ ಕೂತು ಮನೆಗೆ ಕಾಗದ ಬರೆಯುವುದನ್ನು ಊಹಿಸಿಕೊಳ್ಳಿ.

ಸೆಪ್ಟೆಂಬರ್ 23ರ ಬೆಳಗ್ಗೆ ಜೆ.ಸಿ. ನಗರದ ಕಂಬದ ಹತ್ತಿರ ನಾಲ್ಕು ಜನ ಸೇರಿದರೂ ಸಾಕು, ಪುಟ್ಟ ನೆನಪಿನ ಸಭೆ ಮಾಡಬಹುದು. ಭಾಷಣ ಬೇಡ. ಒಂದಿಷ್ಟು ಹೂವು, ಒಂದು ನಿಮಿಷ ಮೌನ. ಆಮೇಲೆ ಹೆಸರುಗಳನ್ನು ಓದಿ. ಮೊದಲು ಮೈಸೂರಿನ ಸವಾರರದು. ನಂತರ ಹೆಲೆಸ್ ಗೋಡೆಯಿಂದ ನೀವು ಬರೆದುಕೊಂಡು ಬಂದ ಹೆಸರು. ಅದಾದ ಮೇಲೆ 57ನೇ ರೆಜಿಮೆಂಟಿನ ಒಂದು ಕಲ್ಲಿನ ಮೇಲಿದ್ದ ಹೆಸರು, ಅವನ ಅಪ್ಪನ ಹೆಸರು, ಅವನ ಊರು. ಟರ್ಕಿ ಹೆಸರುಗಳ ಉಚ್ಚಾರ ಕಷ್ಟ. ಹಿಂದಿನ ರಾತ್ರಿಯೇ ಕನ್ನಡದಲ್ಲಿ ಬರೆದಿಟ್ಟುಕೊಂಡು ನಾಲ್ಕು ಸಲ ಓದಿ ರೂಢಿ ಮಾಡಿಕೊಳ್ಳಿ.